ಉಪ್ಪು ಕುಡಿಯದ ಕಲ್ಲು

ನನ್ನ ಬಲಗೈ ಒಲೆಯ ಬಾಯಲ್ಲಿತ್ತು.

ರೊಟ್ಟಿ ಸುಡುವ ಒಲೆಯಲ್ಲ. ಲ್ಯಾಬಿನಲ್ಲಿ ಕಲ್ಲು ಒಣಗಿಸುವ ಕರೆಂಟ್ ಒಲೆ. ನೂರೈದು ಡಿಗ್ರಿ...

"ರಿಪೋರ್ಟಿಗೆ ಸಹಿ ಹಾಕಿ ಬಾಯಿಸಾ," ಅಂದ ಭೋಮಾ, ಹಿಡಿದ ನನ್ನ ಮಣಿಕಟ್ಟು ಬಿಡದೆ. ಕಂಟ್ರಾಕ್ಟರ್ ಜಬ್ಬರ್ ಸಿಂಗನ ಬಂಟ. ನಮ್ಮ ಜೋಧಪುರದವರು ಕತ್ತು ಹಿಸುಕುವಾಗಲೂ ಮರ್ಯಾದೆಯ 'ಸಾ', ಬಹುವಚನ ಬಿಡುವುದಿಲ್ಲ.

"ಈ ಕೈ ಸುಟ್ಟರೆ ಸಹಿ ಯಾವ ಕೈಯಲ್ಲಿ ಹಾಕಲೋ?"

ಅವನು ಯೋಚಿಸಿದ. ಅಭ್ಯಾಸವಿಲ್ಲದ ಕೆಲಸ, ಹೊತ್ತು ಹಿಡಿಯಿತು. ಕೊನೆಗೆ ಕೈ ಬಿಟ್ಟ.

ನಾನು ಗವರಿ ಮೇಘವಾಲ್. ಕಲ್ಲು ಪರೀಕ್ಷಿಸುವುದು ನನ್ನ ಕಸುಬು. ಮರಳುಗಲ್ಲನ್ನು ಉಪ್ಪುನೀರಲ್ಲಿ ಅದ್ದು, ಒಲೆಯಲ್ಲಿ ಒಣಗಿಸು. ಹೀಗೆ ಹದಿನೈದು ಸಲ. ಒಳಹೊಕ್ಕ ಉಪ್ಪು ಹರಳುಗಟ್ಟಿ ಒದೆಯುತ್ತದೆ. ಗಟ್ಟಿ ಕಲ್ಲು ತಡೆದುಕೊಳ್ಳುತ್ತದೆ, ಜೊಳ್ಳು ಕಲ್ಲು ಉದುರುತ್ತದೆ.

ಜಬ್ಬರ್ ಸಿಂಗ್ ರಿಪೋರ್ಟಿಗೆ ಕಾಯದೆ ಹೆಣ್ಣುಮಕ್ಕಳ ಶಾಲೆಗೆ ಬಾಲ್ಕನಿ ಕಟ್ಟಿಬಿಟ್ಟಿದ್ದ. ಅದನ್ನು ಹೊತ್ತಿದ್ದು ಗೋಡೆಯಿಂದ ಹೊರಬಂದ ಅವನ ಚಾಚುಗಲ್ಲುಗಳು. ಆಸರೆಮರ ತೆಗೆಯುವುದೊಂದೇ ಬಾಕಿ. ನಾಳೆ ಉದ್ಘಾಟನೆ. ಬಾಲ್ಕನಿಯ ಕೆಳಗೆ ಇನ್ನೂರು ಹುಡುಗಿಯರು ಸಾಲಾಗಿ ನಿಲ್ಲುತ್ತಾರೆ.

ಬೆಳಿಗ್ಗೆ ನೋಡಿದರೆ ಒಲೆಯಲ್ಲಿದ್ದ ಅವನ ಮೂರು ತುಂಡುಗಳಲ್ಲಿ ಒಂದು ಮೂಲೆಯೂ ಸವೆದಿರಲಿಲ್ಲ. ಅನುಮಾನ ಬಂತು. ಗಣಿಯಲ್ಲಿ ದುಡಿದ ನನ್ನಮ್ಮ ನೆಕ್ಕದೆ ಯಾವ ಕಲ್ಲನ್ನೂ ನಂಬಿದವಳಲ್ಲ. ಆರಿದ ಮೇಲೆ ನಾನೂ ನೆಕ್ಕಿದೆ.

ಸಪ್ಪೆ.

ಹದಿನೈದು ಸಲ ಉಪ್ಪು ಕುಡಿದದ್ದು ಸಪ್ಪೆ ಇರುತ್ತದೇನ್ರೀ? ಯಾರೋ ತುಂಡುಗಳನ್ನೇ ಬದಲಾಯಿಸಿದ್ದರು. ಅದನ್ನು ಲ್ಯಾಬಿನವರೆದುರು ಬಾಯಿಬಿಟ್ಟು ಹೇಳಿದೆ ನೋಡಿ... ಭೋಮಾ ಬಂದ.

ಕಲ್ಲು ಪಾಸು ಅಂತ ಸಹಿ ಹಾಕಿದೆ. ಅವನು ಶಾಯಿಯನ್ನು ಊದಿ ಒಣಗಿಸುತ್ತಿದ್ದಾಗ ಹಿಂಬಾಗಿಲಿಂದ ಹೋಗಿ ಸ್ಕೂಟರ್ ಹತ್ತಿದೆ.

ಹಿಂದೆಯೇ ಜೀಪು!

ಮಿರ್ಚಿವಡೆ ಗಾಡಿಗೆ ಉಜ್ಜಿಕೊಂಡು ಗಲ್ಲಿಗೆ ನುಗ್ಗಿದೆ. ವಡೆಯವನು ನನ್ನ ಏಳು ತಲೆಮಾರನ್ನೂ ಬೈದ. ಜೀಪು ಗಲ್ಲಿಯಲ್ಲಿ ಹಿಡಿಸಲಿಲ್ಲ, ಸುತ್ತುಹಾಕಬೇಕಾಯಿತು.

ಶಾಲೆಯಲ್ಲಿ ಮುದಿ ಮೇಸ್ತ್ರಿ ಕಾನಾರಾಮ್ ಆಗಲೇ ಆಸರೆಯ ಬುಡಕ್ಕೆ ಸುತ್ತಿಗೆ ಹಿಡಿದು ನಿಂತಿದ್ದ.

"ತೆಗೀಬೇಡಿ ಕಾಕಾಸಾ. ಕಲ್ಲಿನಲ್ಲಿ ಮೋಸ ಇದೆ."

ಅಷ್ಟರಲ್ಲಿ ಜೀಪು ಬಂತು. ಇಳಿದವನು ಜಬ್ಬರ್ ಸಿಂಗ್, ಹಿಂದೆ ಭೋಮಾ.

"ಕಲ್ಲು ಪಾಸಾಗಿದೆ. ಇವಳದೇ ಸಹಿ, ನೋಡು. ತೆಗಿ ಆಸರೆ."

ಮೇಸ್ತ್ರಿ ಕಾಗದ ಮುಟ್ಟಲಿಲ್ಲ. ಕೆಲಸದವರಿಂದ ಹತ್ತು ಕೊಡ ನೀರು ತರಿಸಿ ಚಾಚುಗಲ್ಲುಗಳ ಮೇಲೆ ಸುರಿಸಿದ.

"ತೆಗೀತೀನಿ ಹುಕುಂ, ಧಣಿಗಳು ಹೇಳಿದ ಮೇಲೆ. ನಮ್ಮ ವಾಡಿಕೆ ನಿಮಗೆ ಗೊತ್ತಲ್ಲ. ಕಲ್ಲು ಒದ್ದೆ ಮಾಡಿ ಆಸರೆ ತೆಗೆಯುವಾಗ, ಕಲ್ಲು ಕೊಟ್ಟವರು ಕೆಳಗೆ ನಿಲ್ಲಬೇಕು. ಬನ್ನಿ."

"ಪಾಸು ಮಾಡಿದವಳು ಅವಳು. ಅವಳೇ ನಿಲ್ಲಲಿ."

"ಕೊಟ್ಟವರು ನೀವು."

ಮೂವತ್ತು ಜನ ಕೆಲಸದವರು ಕೈಯ ಕೆಲಸ ಬಿಟ್ಟು ಸುತ್ತ ನೆರೆದರು. ಜಬ್ಬರ್ ಸಿಂಗ್ ಮೀಸೆ ತೀಡುತ್ತಾ ಎರಡು ಹೆಜ್ಜೆ ಮುಂದೆ ಬಂದ. ಮೇಲಿನಿಂದ ಒಂದು ಹನಿ ಅವನ ಬಿಳಿ ಅಂಗಿಯ ತೋಳಿನ ಮೇಲೆ ಬಿತ್ತು. ನೀರಲ್ಲ, ಕರಗಿದ ಕಲ್ಲಿನ ಕೆಂಪು ಕೆಸರು.

ಮೇಸ್ತ್ರಿ ಸುತ್ತಿಗೆ ಎತ್ತಿದ, ಅಷ್ಟೆ.

ಜಬ್ಬರ್ ಸಿಂಗ್ ಓಡಿದ... ಕಾಲಿನ ಒಂದು ಮೋಜಡಿ ಅಲ್ಲೇ ಉಳಿಯಿತು.

ನಾನು ಬರೆದ ರಿಪೋರ್ಟನ್ನು ಇನ್ನು ಯಾರೂ ಓದಬೇಕಿರಲಿಲ್ಲ. ಸರಿಯಾದದ್ದನ್ನು ಅವನು ಕಾಲಲ್ಲೇ ಬರೆದುಕೊಟ್ಟಿದ್ದ.