ಮುರಿದ ಸೂಜಿಯ ತುದಿ

“ಕತ್ತರಿ ಕೊಡು. ಹೊಲಿಗೆಯೆಲ್ಲ ಬಿಚ್ಚಲೇಬೇಕು,” ಎಂದಳು ಅಮ್ಮ.

ಅವಳ ಅಂಗೈಯಲ್ಲಿ ಮುರಿದ ಸೂಜಿ ಇತ್ತು. ಅದರ ತುದಿ ಮಾತ್ರ ನಾಪತ್ತೆ! ಹತ್ತಿ ತುಂಬಿದ ಪುಟ್ಟ ಹೊದಿಕೆಯೊಳಗೆ ಅದೆಲ್ಲೋ ಅಡಗಿ ಕೂತಿತ್ತು. ಸಂಜೆ ಎದುರುಮನೆಯ ಅಕ್ಕ ಆಸ್ಪತ್ರೆಯಿಂದ ಪಾಪುವನ್ನು ಕರೆತರುತ್ತಾಳೆ. ಹೊದಿಕೆ ಆ ಪಾಪುವಿಗೇ.

“ತಾಳಮ್ಮಾ! ನನ್ನ ಮ್ಯಾಗ್ನೆಟ್ ಇದೆಯಲ್ಲ!” ಅಣ್ಣ ಓಡಿಹೋಗಿ ತಂದ. ತಟ್ಟೆಯಷ್ಟು ಅಗಲ, ಬಿಸ್ಕತ್ತಿಗಿಂತ ತೆಳು. ಹೊದಿಕೆಯ ಮೇಲೆಲ್ಲ ಓಡಾಡಿಸಿದ. ಊಹೂಂ.

ತಂಗಿ ಚೂಟಿಯ ಬಳಿಯೂ ಮ್ಯಾಗ್ನೆಟ್‌ಗಳಿದ್ದವು. ಅದೇ ಅಂಗಡಿಯವು, ಅದೇ ಕಪ್ಪು ಬಣ್ಣದವು. ಆದರೆ ಒಂದೊಂದೂ ಅಂಗಿಯ ಗುಂಡಿಯಷ್ಟೇ ಪುಟ್ಟದು.

“ಓಹೋ, ಹುಲಿ ಹಿಡಿಯೋಕೆ ಇಲಿ ಹೊರಟಿತು!” ಅಣ್ಣ ನಕ್ಕ.

ಚೂಟಿಯ ಮೂಗು ಕೆಂಪಾಯಿತು. ಅಣ್ಣನ ಮ್ಯಾಗ್ನೆಟ್ ಕಸಿದುಕೊಂಡು ಗುಂಡುಪಿನ್ನುಗಳ ಡಬ್ಬಿಯಲ್ಲಿ ಅದ್ದಿದಳು. ಪಿನ್ನುಗಳೆಲ್ಲ ಅಂಚಿಗೇ ಅಂಟಿದವು. ನಡುವೆ ಖಾಲಿ!

“ನೋಡಣ್ಣ, ನಿನ್ನ ಮ್ಯಾಗ್ನೆಟ್‌ಗೆ ಬೋಳು ತಲೆ!”

ಆಮೇಲೆ ತನ್ನದನ್ನು ಅದ್ದಿದಳು. ಒಂದಕ್ಕೆ ಅಂಟಿದ ಪಿನ್ನುಗಳು ಸ್ವಲ್ಪವೇ. ಅದರ ಮೇಲೊಂದು ಕೂರಿಸಿದಾಗ ಹೆಚ್ಚಾದವು. ಮತ್ತೊಂದು ಕೂರಿಸಿದಾಗ ಇನ್ನೂ ಹೆಚ್ಚು! ಗೋಪುರ ಬೆಳೆಯಿತು. ಆದರೆ ಸ್ವಲ್ಪ ಎತ್ತರವಾದ ಮೇಲೆ, ಎಷ್ಟು ಪೇರಿಸಿದರೂ ಅಷ್ಟೇ.

“ಇಷ್ಟು ಸಾಕು. ಇನ್ನು ಸುಮ್ನೆ ಭಾರ,” ಎಂದುಕೊಂಡಳು.

“ಹೊತ್ತಾಯ್ತು ಚೂಟಿ,” ಅಮ್ಮ ಕತ್ತರಿ ತೆರೆದಳು.

“ಒಂದೇ ನಿಮಿಷ ಅಮ್ಮಾ! ನೀನು ಬಟ್ಟೇನ ಬಿಗಿಯಾಗಿ ಒತ್ತಿ ಹಿಡಿ.”

ಹತ್ತಿ ಚಪ್ಪಟೆಯಾಯಿತು. ಚೂಟಿ ಗೋಪುರವನ್ನು ಇಂಚಿಂಚಾಗಿ ನಡೆಸಿದಳು. ಅಣ್ಣನೂ ಉಸಿರು ಬಿಗಿಹಿಡಿದ. ಒಂದು ಮೂಲೆಯಲ್ಲಿ ಏನೋ ಮೆಲ್ಲಗೆ ಜಗ್ಗಿತು. ಬಟ್ಟೆ ಇರುವೆ ಗೂಡಿನಂತೆ ಉಬ್ಬಿತು.

“ಸಿಕ್ತೂ!”

ಅಮ್ಮ ಅಲ್ಲೊಂದು ಹೊಲಿಗೆ ಬಿಚ್ಚಿದಳು, ಒಂದೇ ಒಂದು. ಟಿಕ್! ತುದಿ ಹಾರಿ ಗೋಪುರಕ್ಕೆ ಅಂಟಿಕೊಂಡಿತು. ಮುರಿದ ಸೂಜಿಯ ಪಕ್ಕಕ್ಕೆ ಅದನ್ನಿಟ್ಟು ನೋಡಿದರೆ, ಸರಿಯಾಗಿ ಕೂಡಿತು. ಒಳಗೆ ಚೂರೂ ಉಳಿದಿಲ್ಲ! ಅಮ್ಮ ಚೂಟಿಯನ್ನು ಎತ್ತಿ ಗಿರಗಿರನೆ ತಿರುಗಿಸಿದಳು.

“ನನ್ನದೇ ದೊಡ್ಡದಲ್ವಾ?” ಅಣ್ಣ ತಲೆ ಕೆರೆದುಕೊಂಡ.

“ಅಗಲ ಇದೆ ಕಣೋ. ದಪ್ಪ ಎಲ್ಲಿದೆ?” ಚೂಟಿ ತನ್ನ ಗೋಪುರ ತೋರಿಸಿದಳು.

ಸಂಜೆ ಪಾಪು ಬಂತು. ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿ ಮೆರೆಯಬೇಕೆಂದು ಚೂಟಿ ಎದುರುಮನೆಯ ಬಾಗಿಲಲ್ಲೇ ಕಾದಿದ್ದಳು. ಹೊದಿಕೆ ಹೊದಿಸಿದ್ದೇ ತಡ, ಪಾಪು ಅದೇ ಮೂಲೆಯನ್ನು ಕೆನ್ನೆಗೆ ಒತ್ತಿಕೊಂಡು ನಿದ್ದೆಹೋಯಿತು.

ಚೂಟಿ ತೆರೆದ ಬಾಯನ್ನು ಹಾಗೇ ಮುಚ್ಚಿದಳು. ತುದಿಗಾಲಲ್ಲಿ ಹೊರಬಂದು, ಸದ್ದಾಗದಂತೆ ಬಾಗಿಲು ಎಳೆದುಕೊಂಡಳು.