ಚೆಂಡಿನ ಪೆಟ್ಟಿಗೆ ಕ್ಷಮೆಯ ಚಾಪೆ

ಸೋಮವಾರ ಬೆಳಿಗ್ಗೆ ೯.೪೦ಕ್ಕೆ ಸವಾಯಿ ದ್ವೀಪದ ಠಾಣೆಗೆ ಆಸ್ಪತ್ರೆಯ ಡಾಕ್ಟರೇ ದೂರು ಹಿಡಿದು ಬಂದರು. ಮಸಿನಾ ಎಂಬ ಇಪ್ಪತ್ತಾರರ ಹೆಂಗಸಿನ ಎಡಗಣ್ಣಿನ ಗೂಡು ಮುರಿದಿದೆ. ಶನಿವಾರ ಕ್ರಿಕೆಟ್ಟಿನಂಥ ಕಿಲಿಕಿಟಿ ಆಟದಲ್ಲಿ ಚೆಂಡು ಬಡಿಯಿತೆಂದು ಮನೆಯವರ ಹೇಳಿಕೆ. ಡಾಕ್ಟರು ಎಕ್ಸ್‌ರೇ ಮುಂದಿಟ್ಟರು. ರಬ್ಬರ್ ಚೆಂಡಾದರೆ ಸಾಮಾನ್ಯವಾಗಿ ಗೂಡಿನ ತಳ ಕುಸಿಯುತ್ತದೆ, ಅಂಚು ಉಳಿಯುತ್ತದೆ. ಇಲ್ಲಿ ಅಂಚೇ ಸೀಳಿದೆ, ಚೂಪಾದ ಏಣುಳ್ಳ ಮರದ ಪೆಟ್ಟು ಬಿದ್ದಿರಬೇಕು ಎಂದರು. ಬಿರುಕಿನಲ್ಲಿ ಸ್ನಾಯು ಸಿಕ್ಕಿ ಕಣ್ಣು ಮೇಲೇಳುತ್ತಿಲ್ಲ, ಎಲ್ಲವೂ ಎರಡೆರಡು ಕಾಣುತ್ತದೆ. ಬೇಗ ರಾಜಧಾನಿ ಅಪಿಯಾಕ್ಕೆ ಒಯ್ದು ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಹಾಗೇ ಉಳಿದೀತು.

ಇನ್‌ಸ್ಪೆಕ್ಟರ್ ಲೆವಾಸಾ ಎಫ್ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಪೆನಿಯೊಡನೆ ಊರಿಗೆ ಹೋದರು. ಊರಿಗೆ ಊರೇ ಒಂದೇ ಪಾಠ ಒಪ್ಪಿಸಿತು: ತೌಸಿ ಎಸೆದ ಚೆಂಡು. ಹನ್ನೊಂದು ವರ್ಷ ಮುಂದಾಳಾಗಿ, ಆಟದುದ್ದಕ್ಕೂ ಸೀಟಿ ಊದಿ ಹೆಂಗಸರ ತಂಡವನ್ನು ಹಾಡಿಸಿ ಕುಣಿಸಿದವಳು ಈ ತೌಸಿ. ಈ ವರ್ಷ ಸೀಟಿ ಮಸಿನಾಳ ಕೊರಳಿಗೆ ಹೋಗಿತ್ತು. ಆಸ್ಪತ್ರೆಯಲ್ಲಿ ಮಸಿನಾಳೂ ಗೋಡೆಗೆ ಮುಖ ಮಾಡಿ ಚೆಂಡೇ ಎಂದಳು. ಚರ್ಚಿನ ಉಗ್ರಾಣದಲ್ಲಿ ಮೂರು ಏಣುಗಳ ಹನ್ನೆರಡು ಮರದ ದಾಂಡುಗಳಿದ್ದವು. ಹನ್ನೊಂದಕ್ಕೆ ಕೆಸರು, ಒಂದು ಮಾತ್ರ ತೊಳೆದು ಒರೆಸಿದ್ದು. ಪಂಚನಾಮೆ ಮಾಡಿ ಅದನ್ನು ಜಪ್ತಿ ಮಾಡಿದರು. ತೊಳೆದವರು ಯಾರೋ, ಯಾರಿಗೂ ಗೊತ್ತಿಲ್ಲವಂತೆ!

ಮಂಗಳವಾರ ಬೆಳಗಿನ ೫.೫೦ಕ್ಕೆ ಪೆನಿಯ ಫೋನು. ತೌಸಿಯ ಗಂಡ ವೈಲಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು, ಮನೆತನದ ನಯದ ಚಾಪೆ ತಲೆ ಮೇಲೆ ಹೊದ್ದು, ಮಸಿನಾಳ ತಂದೆಯ ಅಂಗಳದಲ್ಲಿ ಮಂಡಿಯೂರಿದ್ದಾನೆ. ಚಾಪೆ ಎತ್ತಿದರೆ ಕ್ಷಮಿಸಿದಂತೆ. ಮುದುಕ ಹೊರಗೆ ಬಂದು ಎತ್ತಿದ.

ಲೆವಾಸಾ ಕೋಕೋ ಲೋಟ ಕೆಳಗಿಟ್ಟರು. ಕೊಲೆಗೆ, ಮಾನ ಕಳೆಯುವ ತಪ್ಪಿಗೆ ಹೊದೆಯುವ ಚಾಪೆ ಅದು.

"ಆಟದ ಚೆಂಡು ತಗುಲಿದ್ದಕ್ಕೆ ಯಾವನಯ್ಯಾ ಆ ಚಾಪೆ ಹೊದೀತಾನೆ?"

ಪಾಪ, ವೈಲಿಯ ಹೊಟ್ಟೆಯಲ್ಲಿ ಸುಳ್ಳು ಅರಗಿರಲಿಲ್ಲ. ೮.೧೫ಕ್ಕೆ ತೌಸಿಯ ವಿಚಾರಣೆ.

"ದಾಂಡು ತೊಳೆದವರು ಯಾರು?"

"ನಾನೇ. ಆಟ ಮುಗಿದ ಮೇಲೆ, ಉಗ್ರಾಣದ ಹಿಂದೆ ಹೊಡೆದೆ."

"ಅಲ್ಲಮ್ಮ, ಒಂದು ಸೀಟಿಗೋಸ್ಕರ?"

"ಸೀಟಿ ಹಾಳಾಗ್ಲಿ ಸರ್. ಅವಳು ಊದಿದ್ರೆ ನನ್ನ ಮಗಳೇ ಎದ್ದು ಕುಣಿದ್ಲು. ಹನ್ನೊಂದು ವರ್ಷ ನಾನು ಊದಿದೆ, ಒಂದಿನಾನೂ ಕೂತಲ್ಲಿಂದ ಎದ್ದವಳಲ್ಲ. ಹೊಟ್ಟೆ ಉರಿದು ಹೋಯ್ತು."

ಊರು ಕ್ಷಮಿಸಿತ್ತು, ಕಾನೂನಿಗೆ ಚಾಪೆ ಇಲ್ಲ. ೮.೪೦ಕ್ಕೆ ತೌಸಿಯನ್ನು ಬಂಧಿಸಿದರು.

ಗುರುವಾರ ಅಪಿಯಾದಲ್ಲಿ ಮಸಿನಾಳ ಶಸ್ತ್ರಚಿಕಿತ್ಸೆ ಆಯಿತು, ಕಣ್ಣು ಮೇಲೇಳತೊಡಗಿತು. ಆದರೆ ಆರು ವಾರ ಮೂಗು ಸೀಟುವಂತಿಲ್ಲ, ಸೀಟಿ ಊದುವಂತಿಲ್ಲ, ಗಾಳಿ ಕಣ್ಣಿನ ಸುತ್ತ ನುಗ್ಗೀತು ಎಂದರು ಡಾಕ್ಟರು. ಅವಳು ಸೀಟಿಯನ್ನು ತೌಸಿಯ ಮಗಳು ಸಿಲಾಳಿಗೆ ಕಳಿಸಿದಳು.

ಶನಿವಾರ ಠಾಣೆಯ ಪಕ್ಕದ ಬಯಲಲ್ಲಿ ಆಟ. ಲಾಕಪ್ಪಿನ ಕಿಟಕಿಗೆ ಕಿವಿಗೊಟ್ಟು ತೌಸಿ ಕೇಳಿದಳು, ಯಾರು ಊದ್ತಿರೋದು ಎಂದು. ನಿಮ್ಮ ಮಗಳು ಎಂದ ಪೆನಿ.

ತೌಸಿ ಕಿವಿಯನ್ನು ಸರಳಿಗೆ ಇನ್ನಷ್ಟು ಒತ್ತಿದಳು.

"ನಡುವೆ ಉಸಿರು ತಗೊಳ್ಳೋದು ನನ್ನ ಹಾಗೇ," ಎಂದಳು. "ಕೂತಲ್ಲೇ ಕಲಿತಿದ್ದಾಳೆ."

ಪೆನಿ ಠಾಣೆಯ ಡೈರಿಯಲ್ಲಿ ಅವಳ ಮಾತಿನ ಹೊತ್ತು ಬರೆದುಕೊಂಡ: ಸಂಜೆ ೪.೨೦.