ಮೂವತ್ತು ಮನಿಯಾರ್ಡರ್‌ಗಳು

"ನಿಮ್ಮ ಮಗಳನ್ನ ಮದುವೆ ಆಗೋಕೆ ನನ್ನ ಕೈಲಿ ಆಗಲ್ಲ ಮಾವ. ನೀವು ಕೊಟ್ಟ ದುಡ್ಡು ಪೂರ್ತಿ ವಾಪಸ್ ಕೊಡ್ತೀನಿ."

ಕಾಫಿ ಲೋಟ ಹಿಡಿದು ನಡುಮನೆಗೆ ಬರುತ್ತಿದ್ದ ಯಶೋದ ಬಾಗಿಲಲ್ಲೇ ನಿಂತುಬಿಟ್ಟಳು.

ಆ ಯುವಕ ತಲೆಯೆತ್ತಿದ. ಇಬ್ಬರ ಕಣ್ಣೂ ಒಂದು ಕ್ಷಣ ಸೇರಿದವು. ಅವನ ಮುಖ ಕೆಂಪಾಯಿತು. ಮಾತು ಮುಂದುವರಿಸಲಾಗದೆ ಕೈ ಮುಗಿದು ಹೊರಟೇಹೋದ.

ತನಗೊಬ್ಬ ಗಂಡು ಗೊತ್ತಾಗಿದ್ದಾನೆ ಎಂಬುದೂ, ಅವನಿಗೆ ತಾನು ಬೇಡ ಎಂಬುದೂ ಯಶೋದಳಿಗೆ ತಿಳಿದದ್ದು ಒಂದೇ ಉಸಿರಿನಲ್ಲಿ. ಯಾವುದಕ್ಕೆ ಮೊದಲು ಅಳಬೇಕು? ಅವಳಿಗೆ ಗೊತ್ತಾಗಲಿಲ್ಲ...

ಅದು ೧೯೫೯ರ ಮೇ ತಿಂಗಳು. ಯಶೋದಳಿಗೆ ಇಪ್ಪತ್ತೆರಡು ವರ್ಷ. ಶಿಡ್ಲಘಟ್ಟದ ಪ್ರೈಮರಿ ಸ್ಕೂಲಿನಲ್ಲಿ ಟೀಚರ್. ಅವಳ ತಂದೆ ಪಿಳ್ಳಪ್ಪ ಅದೇ ಊರಿನಲ್ಲಿ ರೇಷ್ಮೆ ನೂಲು ತೆಗೆಸುವ ಕಸುಬಿನವರು. ಬಂದಿದ್ದವನು ಪೆರೇಸಂದ್ರದ ವೆಂಕಟರವಣಪ್ಪ. ಕಾಶಿಯಲ್ಲಿ ಲೋಹಗಳ ಇಂಜಿನಿಯರಿಂಗ್ ಓದಿ, ಆಗಷ್ಟೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸೇರಿದ್ದ.

ಅವನ ನಾಲ್ಕು ವರ್ಷದ ಓದಿಗೆ ಮೂರು ಸಾವಿರ ರೂಪಾಯಿ ಕೊಟ್ಟವರು ಪಿಳ್ಳಪ್ಪ. ಓದು ಮುಗಿದ ಮೇಲೆ ಯಶೋದಳನ್ನು ತಂದುಕೊಳ್ಳುವುದೆಂದು ಅವನ ತಂದೆ ಮಾತು ಕೊಟ್ಟಿದ್ದರು. ಆ ಮಾತು ಮಗನಿಗೆ ತಿಳಿದದ್ದು ತಂದೆ ತೀರಿಕೊಳ್ಳುವ ಮುನ್ನಾದಿನ. ಯಶೋದಳಿಗಂತೂ ಯಾರೂ ಹೇಳಿರಲೇ ಇಲ್ಲ.

ಮುಂದಿನ ತಿಂಗಳಿಂದ ಪಿಳ್ಳಪ್ಪನವರ ಹೆಸರಿಗೆ ಎಪ್ಪತ್ತೈದು ರೂಪಾಯಿಯ ಮನಿಯಾರ್ಡರ್ ಬರತೊಡಗಿತು. ಎರಡು ಸಲ ಅವರು ಮುಟ್ಟದೆ ಹಿಂದಕ್ಕೆ ಕಳಿಸಿದರು. ದುಡ್ಡು ಯಾವನಿಗೆ ಬೇಕು, ಮಾತು ಎಲ್ಲಿಗೆ ಹೋಯಿತು ಎಂದು ಮನೆಯಲ್ಲಿ ಕೂಗಾಡಿದರು.

ಯಶೋದಳಿಗೆ ಅದನ್ನು ಸಹಿಸಲಾಗಲಿಲ್ಲ. ಆ ಮೂರು ಸಾವಿರ ತೀರುವವರೆಗೂ ಅದು ತನ್ನ ಬೆಲೆಯೇ ಅಲ್ಲವೇ?

ಅಪ್ಪನಿಗೆ ಹೇಳಿಯೇ ಅವಳು ಭದ್ರಾವತಿಗೆ ಒಂದು ಕಾರ್ಡು ಬರೆದಳು. ಹಣವನ್ನು ತನ್ನ ಹೆಸರಿಗೆ ಕಳಿಸಬೇಕು, ಪೋಸ್ಟಾಫೀಸಿನಲ್ಲಿ ಕಟ್ಟುತ್ತೇನೆ, ಪೂರ್ತಿಯಾದ ದಿನ ಅಪ್ಪನಿಗೆ ಕೊಡುತ್ತೇನೆ ಎಂದಷ್ಟೇ ಅದರಲ್ಲಿತ್ತು. ಪಿಳ್ಳಪ್ಪ ನಿನ್ನಿಷ್ಟ ಎಂದು ಎದ್ದುಹೋಗಿದ್ದರು.

ಹಣ ಬಂತು. ಪೋಸ್ಟ್‌ಮ್ಯಾನ್ ಕೋನಪ್ಪ ಮನಿಯಾರ್ಡರ್ ಫಾರಂನಿಂದ ಹರಿದುಕೊಟ್ಟ ಚೀಟಿಯಲ್ಲಿ ಎರಡೇ ಸಾಲು: "ತಿಂಗಳ ಸಂಬಳ ಇನ್ನೂರೈವತ್ತು. ಅಮ್ಮನಿಗೆ ಅರವತ್ತು, ನಿಮಗೆ ಎಪ್ಪತ್ತೈದು. ಇದಕ್ಕಿಂತ ಹೆಚ್ಚು ಆಗುತ್ತಿಲ್ಲ, ಕ್ಷಮಿಸಿ."

ಬೇಡವೆಂದವನು ಸಂಬಳದ ಲೆಕ್ಕವನ್ನೆಲ್ಲ ತನಗೇಕೆ ಒಪ್ಪಿಸಬೇಕು? ಹಣ ಮುಟ್ಟಿತು ಎಂದು ಅವಳು ಕಾರ್ಡು ಹಾಕಿದಳು. ಕೆಳಗೆ ಜಾಗ ಉಳಿದಿತ್ತು. ಊಟಕ್ಕೆ ಸಾಕಷ್ಟು ಇಟ್ಟುಕೊಳ್ಳಿ ಎಂದು ಸೇರಿಸಿದಳು. ಡಬ್ಬಕ್ಕೆ ಹಾಕಿದ ಮೇಲೆ, ಯಾಕಾದರೂ ಬರೆದೆನೋ ಎಂದು ನಾಚಿದಳು.

ಹೀಗೆ ಅವನ ಚೀಟಿಗೆ ಅವಳ ಕಾರ್ಡಿನ ಒಂದೆರಡು ಸಾಲು ಉತ್ತರವಾಗುತ್ತ ತಿಂಗಳುಗಳು ಉರುಳಿದವು. ಒಮ್ಮೆ ಚೀಟಿಯಲ್ಲಿ ಹೀಗಿತ್ತು: "ಕುಲುಮೆಯ ಹತ್ತಿರ ಅಂಗಿಯ ತೋಳು ಸುಟ್ಟಿತು. ಕೈಗೆ ಏನೂ ಆಗಿಲ್ಲ."

ಆ ದಿನ ಅವಳು ಮಕ್ಕಳಿಗೆ ಎರಡು ಸಲ ಒಂದೇ ಪಾಠ ಮಾಡಿದಳು.

'ನಂಗ್ಯಾಕೆ ಹೇಳ್ತಾರೆ ಇದನ್ನೆಲ್ಲ? ಹೇಳದೇ ಇದ್ದಿದ್ರೆ ನಂಗೆ ಬೇಜಾರಾಗ್ತಿತ್ತಾ?'

ಆಗುತ್ತಿತ್ತು. ಅದೇ ಅವಳನ್ನು ಹೆದರಿಸಿತು. ತನ್ನನ್ನು ಬೇಡವೆಂದ ಗಂಡಸಿನ ಎರಡು ಸಾಲಿಗಾಗಿ ತಿಂಗಳೆಲ್ಲ ಕಾಯುವ ಹೆಣ್ಣು ಇನ್ನೊಬ್ಬಳಿದ್ದಾಳೆಯೇ? ಸಾಲ ತೀರಲಿ ಎಂದು ಕಾರ್ಡು ಬರೆದವಳಿಗೇ ಈಗ ಅದು ತೀರುವುದು ಬೇಡವಾಗಿತ್ತು. ತೀರಿದರೆ ಚೀಟಿಯೂ ನಿಂತುಹೋಗುತ್ತದೆ...

ಇಪ್ಪತ್ತೊಂದನೆಯ ತಿಂಗಳು ನೂರೈವತ್ತು ರೂಪಾಯಿ ಬಂತು. ಸಂಬಳ ನಾನೂರಾಗಿದೆ, ಇನ್ನು ಬೇಗ ಮುಗಿಸುತ್ತೇನೆ ಎಂದು ಬರೆದಿದ್ದ. ಅವಳು ಆ 'ಬೇಗ'ವನ್ನು ಎಷ್ಟು ಸಲ ಓದಿದಳೋ! ಅದೇ ವಾರ ಪಿಳ್ಳಪ್ಪ ಸಂತೆಯಿಂದ ಸುದ್ದಿ ತಂದರು. ಚಿಂತಾಮಣಿಯ ಅಕ್ಕಿ ಗಿರಣಿಯವರು ಆ ಇಂಜಿನಿಯರಿಗೆ ಮಗಳನ್ನು ಕೊಡಲು ಓಡಾಡುತ್ತಿದ್ದಾರಂತೆ.

ಓ, ಅದಕ್ಕೇ ಇಷ್ಟು ಅವಸರ! ಅಂದಿನಿಂದ ಅವಳ ಕಾರ್ಡುಗಳಲ್ಲಿ "ಹಣ ಮುಟ್ಟಿತು" ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಮೂವತ್ತನೆಯ ಮನಿಯಾರ್ಡರ್ ಬಂದದ್ದು ೧೯೬೨ರ ಸಂಕ್ರಾಂತಿಗೆ ಎರಡು ವಾರ ಮುಂಚೆ. "ಇದು ಕೊನೆಯದು. ಹಬ್ಬಕ್ಕೆ ಊರಿಗೆ ಬರುತ್ತೇನೆ. ನಿಮಗೊಂದು ವಿಷಯ ಹೇಳಬೇಕು."

ಮದುವೆಯ ಕರೆಯೋಲೆ. ಇನ್ನೇನಿದ್ದೀತು?

ಅವಳು ಹಣ ಬಿಡಿಸಿ ತಂದು ಅಪ್ಪನ ಮುಂದಿಟ್ಟಳು. ಪಿಳ್ಳಪ್ಪ ನೋಟುಗಳ ಕಡೆ ನೋಡಲಿಲ್ಲ, ಮಗಳನ್ನೇ ನೋಡಿದರು.

"ನಿನ್ನ ಮಾರಿದ್ದಲ್ಲ ಕಣಮ್ಮ," ಎಂದರು. "ಒಳ್ಳೇ ಹುಡುಗ, ನಿನ್ನ ಚೆನ್ನಾಗಿ ನೋಡ್ಕೊತಾನೆ ಅಂತ ಆಸೆಪಟ್ಟೆ. ನಿನ್ನ ಒಂದ್ಮಾತು ಕೇಳ್ಬೇಕಿತ್ತು. ತಪ್ಪಾಯ್ತು."

ಯಶೋದ ಅಪ್ಪನ ಭುಜಕ್ಕೆ ತಲೆಯಿಟ್ಟು ಅತ್ತಳು. ಹಣ ಪೂರ್ತಿ ಸಂದಿದೆ ಎಂದು ಅವರಿಂದ ಬರೆಸಿಕೊಂಡಳು. ಅವನು ಬಂದು ಆ 'ವಿಷಯ' ಹೇಳುವುದನ್ನು ನಿಂತು ಕೇಳುವ ಶಕ್ತಿ ಅವಳಿಗಿರಲಿಲ್ಲ. ಅವನು ಬರುವ ಮೊದಲೇ ರಸೀತಿಯನ್ನು ಅವನ ತಾಯಿಗೆ ಕೊಟ್ಟುಬಿಟ್ಟರಾಯಿತು. ಹಬ್ಬದ ಹಿಂದಿನ ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಪೆರೇಸಂದ್ರದಲ್ಲಿ ಇಳಿದಳು.

ಅವನ ತಾಯಿ ಅಕ್ಕಯಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಯಾರೆಂದು ಕೇಳಿ ತಿಳಿದ ಮೇಲೆ ಅವರ ಮುಖವೆಲ್ಲ ಅರಳಿತು. ಪಕ್ಕದಲ್ಲೇ ಕೂರಿಸಿಕೊಂಡು, ಮೊರದಲ್ಲಿ ಅವಳ ಪಾಲಿಗೂ ಕಾಯಿ ಸುರಿದರು. ಚಿಂತಾಮಣಿಯವರು ಮೂರು ಸಲ ಬಂದರಂತೆ. ಮಗ ಮೂರು ಸಲವೂ ಆಗದು ಎಂದನಂತೆ.

"ಯಾಕೋ ಅಂದ್ರೆ, ಮೊದ್ಲು ಸಾಲ ತೀರ್ಲಿ, ಆಮೇಲೆ ಒಬ್ಬರನ್ನ ಕೇಳ್ಬೇಕು ಅಂತಾನಮ್ಮ. ಯಾರನ್ನ ಅಂದ್ರೆ ಬಾಯೇ ಬಿಡಲ್ಲ."

ಯಶೋದಳ ಬೆರಳು ನಿಂತವು. ಒಬ್ಬರನ್ನ... ಯಾರನ್ನ?

ಅಷ್ಟರಲ್ಲಿ ಹಿತ್ತಲಿನಿಂದ ವೆಂಕಟರವಣಪ್ಪನೇ ಬಂದ. ಹಿಂದಿನ ದಿನವೇ ಊರು ತಲುಪಿದ್ದ. ಅವಳನ್ನು ಕಂಡು ಕಂಬ ಹಿಡಿದು ನಿಂತ. ಅಕ್ಕಯಮ್ಮ ಇಬ್ಬರ ಮುಖವನ್ನೂ ನೋಡಿ, ಒಲೆ ನೋಡಬೇಕೆಂದು ಒಳಗೆ ಹೋದರು.

ಯಶೋದ ರಸೀತಿ ಚಾಚಿದಳು. "ಲೆಕ್ಕ ಮುಗೀತು. ಇದನ್ನ ಕೊಟ್ಟು ಹೋಗೋಣ ಅಂತ ಬಂದೆ."

ಅವನು ಅದನ್ನು ತೆಗೆದುಕೊಂಡು ಎದುರಿಗೆ ಕೂತ. "ಅವತ್ತು ನಾನು ನಿಮ್ಮನ್ನ ಬೇಡ ಅಂದಿದ್ದಲ್ಲ. ನೀವು ಯಾರು ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಫೀಸು ಕಟ್ಟಿದ್ದಕ್ಕೆ ಬದಲು ಒಬ್ಬ ಹುಡುಗೀನ ಕಟ್ಕೊಳ್ಳೋದು ಬೇಡ ಅಂದೆ."

"ಈಗ?"

"ಈಗ ನೀವು ಯಾರು ಅಂತ ಗೊತ್ತು. ಮೊದ್ಲೇ ಕೇಳಿದ್ರೆ, ಸಾಲ ತಪ್ಪಿಸ್ಕೊಳ್ಳೋಕೆ ಕೇಳ್ದ ಅನ್ಕೊಳ್ತಿದ್ರಿ. ಈಗ ನೀವು ಧೈರ್ಯವಾಗಿ ಬೇಡ ಅನ್ನಬಹುದು ಯಶೋದ. ಅದಕ್ಕೇ ಇಷ್ಟು ದಿನ ಕಾದೆ."

ಅವಳಿಗೆ ನಗು ಬಂತು, ಅಳುವೂ ಬಂತು. "ಚಿಂತಾಮಣಿಯವರ ಸುದ್ದಿ ಕೇಳಿದಾಗಿಂದ ನಾನು ಪಟ್ಟ ಪಾಡು..."

"ಅದಕ್ಕಾ ನೀವು ಬರೆಯೋದು ನಿಲ್ಸಿದ್ದು? ನನ್ನ ಮೇಲೆ ಕೋಪ ಅನ್ಕೊಂಡೆ."

ಅವಳು ತಲೆ ತಗ್ಗಿಸಿ ಮತ್ತೊಂದು ಕಾಯಿ ಸುಲಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಭದ್ರಾವತೀಲಿ ಹೆಣ್ಮಕ್ಕಳ ಸ್ಕೂಲು ಇದೆಯಾ? ನಾನು ಕೆಲಸ ಬಿಡಲ್ಲ."

"ಇದೆ. ನಮ್ಮ ಕ್ವಾರ್ಟರ್ಸ್‌ನಿಂದ ಹತ್ತು ನಿಮಿಷದ ದಾರಿ."

"ನಿಮಗೆ ಹೇಗೆ ಗೊತ್ತು?"

ಅವನು ನಾಚಿ ನಕ್ಕ. "ಮೂರು ಸಲ ನಡೆದು ನೋಡಿದ್ದೀನಿ."